ಮೈನಸ್ 30ರ ಚಳಿಯಲ್ಲಿ ಹೊರಗೆ ಕೆಲಸ ಮಾಡುವವರು ಕೈಗವಸು ಕೊಳ್ಳುವ ಬಗೆ

ಊರಿನಲ್ಲಿ ಕೈಗವಸು ಎಂದರೆ ಬೈಕ್ ಓಡಿಸುವವರ ಸಾಮಾನು. ಮಡಿಕೇರಿಯ ಡಿಸೆಂಬರಿಗೂ ಒಂದು ಸ್ವೆಟರ್, ಒಂದು ಮಫ್ಲರ್ ಇದ್ದರೆ ಸಾಕು. ಕೆನಡಾದ ಎಡ್ಮಂಟನ್‌ನಲ್ಲಿ ಕಟ್ಟಡ ನಿರ್ವಹಣೆಯ ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ನಾನು ಅಷ್ಟೇ ತಿಳಿವಳಿಕೆಯಿಂದ ಅಂಗಡಿಗೆ ಹೋಗಿ, ಅಲ್ಲಿದ್ದವುಗಳಲ್ಲಿ ಎಲ್ಲಕ್ಕಿಂತ ದಪ್ಪನೆಯ ಜೋಡಿಯನ್ನು ಕೊಂಡು ತಂದೆ. ಗೇಟಿನ ಸಡಿಲಗೊಂಡ ಬೋಲ್ಟಿಗೆ ನಟ್ ಹಾಕಲು ಹೊರಟಾಗ ಬೆರಳುಗಳು ಬಾಳೆಹಣ್ಣಿನ ಚಿಪ್ಪಿನಂತೆ ಒಂದಕ್ಕೊಂದು ಅಂಟಿಕೊಂಡಂತಾಗಿ ನಟ್ ಹಿಡಿಯಲಾಗಲಿಲ್ಲ. ಕೈಗವಸು ಕಳಚಿ ಬರಿಗೈಯಲ್ಲಿ ಕಬ್ಬಿಣ ಮುಟ್ಟಿದೆ. ಸ್ವಲ್ಪ ಹೊತ್ತಿನಲ್ಲೇ ಬೆರಳ ತುದಿಗಳು ಮರಗಟ್ಟಿದವು. ಹಿಮದೊಳಗೆ ಜಾರಿದ ನಟ್ ಸಿಕ್ಕಿದ್ದು ಏಪ್ರಿಲ್‌ನಲ್ಲಿ. ಆದ್ದರಿಂದ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಬೆಚ್ಚಗಿದೆ’ ಎಂಬುದಲ್ಲ, ‘ಇದನ್ನು ಕಳಚದೆ ನನ್ನ ಕೆಲಸ ಮುಗಿಯುತ್ತದೆಯೇ’ ಎಂಬುದು.

ಚಳಿಯನ್ನು ಅಳೆಯುವಾಗ ಉಷ್ಣಾಂಶದ ಜೊತೆಗೆ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೆನಡಾದ ಹವಾಮಾನ ಇಲಾಖೆ ಬಳಸುವ ಸೂಚ್ಯಂಕದ ಪ್ರಕಾರ ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ತಟ್ಟುವ ಚಳಿ ಮೈನಸ್ 33ಕ್ಕೆ ಸಮ. ಅಂಥ ಚಳಿಯಲ್ಲಿ ಮುಚ್ಚಿಕೊಳ್ಳದ ಚರ್ಮ 10ರಿಂದ 30 ನಿಮಿಷಗಳಲ್ಲಿ ಹೆಪ್ಪುಗಟ್ಟಬಹುದು. ಉಣ್ಣೆಯ ಹೆಣಿಗೆಯ ಕೈಗವಸಿನ ಕಣ್ಣುಗಳ ಮೂಲಕ ಗಾಳಿ ಸಲೀಸಾಗಿ ನುಗ್ಗುವುದರಿಂದ ಅದನ್ನು ಒಂಟಿಯಾಗಿ ತೊಡುವುದರಲ್ಲಿ ಅರ್ಥವಿಲ್ಲ. ಗಾಳಿ ತಡೆಯುವ ಹೊರಪದರವೊಂದು ಇರಲೇಬೇಕು.

ಚಳಿಗಿಂತ ದೊಡ್ಡ ಶತ್ರು ತೇವ, ಮತ್ತು ಅದು ಎರಡು ಕಡೆಯಿಂದ ಬರುತ್ತದೆ. ಹಿಮ ಕರಗುವ, ಶೂನ್ಯದ ಆಸುಪಾಸಿನ ದಿನಗಳಲ್ಲಿ ಹೊರಗಿನಿಂದ ನೀರು ಇಳಿಯುತ್ತದೆ. ಒಣ ಚಳಿಯ ದಿನಗಳಲ್ಲಿ, ಸಲಿಕೆ ಹಿಡಿದು ಅರ್ಧ ಗಂಟೆ ಹಿಮ ಎತ್ತಿದವನ ಅಂಗೈ ಒಳಗಿನಿಂದಲೇ ಬೆವರುತ್ತದೆ. ಮೈನಸ್ 25ರಲ್ಲಿ ಬೆವರುವುದೆಂದರೆ ನಮ್ಮವರು ನಗುತ್ತಾರೆ, ಆದರೆ ಅದೇ ಬೆವರು ಕೆಲಸ ನಿಲ್ಲಿಸಿದ ಹತ್ತು ನಿಮಿಷಕ್ಕೆ ಕೈಯನ್ನು ಕೊರೆಯತೊಡಗುತ್ತದೆ. ಆದ್ದರಿಂದ ಸಲಿಕೆಯ ಕೆಲಸಕ್ಕೆ ತೆಳು ಅಸ್ತರಿನ ಕೈಗವಸು, ಟ್ರಾಫಿಕ್ ನಿಯಂತ್ರಣದಂಥ ನಿಂತಲ್ಲೇ ನಿಲ್ಲುವ ಕೆಲಸಕ್ಕೆ ದಪ್ಪ ಅಸ್ತರಿನದು ಎಂದು ಬೇರ್ಪಡಿಸಿಕೊಳ್ಳಬೇಕು. ಹತ್ತಿಯ ಅಸ್ತರು ನೀರು ಕುಡಿದು ಕೂರುವುದರಿಂದ ಅದನ್ನು ಕೊಳ್ಳಬಾರದು. ಉಣ್ಣೆ ಸ್ವಲ್ಪ ತೇವವಾದರೂ ಬೆಚ್ಚಗಿರುತ್ತದೆ. ಥಿನ್ಸುಲೇಟ್‌ನಂಥ ಕೃತಕ ನಾರಿನ ಅಸ್ತರಿನ ಮೇಲೆ 40, 100, 150, 200 ಗ್ರಾಂ ಎಂಬ ಸಂಖ್ಯೆಗಳಿರುತ್ತವೆ. ಅದು ಕೈಗವಸಿನ ತೂಕವಲ್ಲ, ಅಸ್ತರಿನ ಒಂದು ಚದರ ಮೀಟರಿನ ತೂಕ. ಸಂಖ್ಯೆ ಏರಿದಂತೆ ಬಿಸಿಯೂ ಏರುತ್ತದೆ, ಬೆರಳ ಚುರುಕುತನ ಇಳಿಯುತ್ತದೆ.

ಹೊರಮೈಗೆ ಚರ್ಮವೋ ರಬ್ಬರೋ ಎಂಬುದು ಕೆಲಸವನ್ನು ಅವಲಂಬಿಸಿದೆ. ಮರದ ದಿಮ್ಮಿ, ತಂತಿ, ಇಟ್ಟಿಗೆ ಹಿಡಿಯುವವರಿಗೆ ಚರ್ಮವೇ ಮೇಲು. ದನದ ಚರ್ಮ ಗಟ್ಟಿ, ಆದರೆ ನೆನೆದು ಒಣಗಿದ ಮೇಲೆ ಹಪ್ಪಳದಂತೆ ಸೆಟೆದುಕೊಳ್ಳುತ್ತದೆ. ಜಿಂಕೆಯ ಮತ್ತು ಹಂದಿಯ ಚರ್ಮಗಳು ಒಣಗಿದರೂ ಮೆದುವಾಗಿ ಉಳಿಯುತ್ತವೆ. ಆಚಾರದ ಕಾರಣಕ್ಕೆ ದನವೂ ಬೇಡ, ಹಂದಿಯೂ ಬೇಡ ಎನ್ನುವವರಿಗೆ ಮೇಕೆಯ ಚರ್ಮವಿದೆ, ಮತ್ತು ತೆಳುವಾಗಿದ್ದೂ ಬಾಳಿಕೆ ಬರುವುದರಿಂದ ಬೋಲ್ಟು, ಸ್ಕ್ರೂಗಳ ಕೆಲಸಕ್ಕೆ ನಾನೂ ಅದನ್ನೇ ಬಳಸುತ್ತೇನೆ. ಒದ್ದೆ ಕೆಲಸಕ್ಕೆ ಲೇಟೆಕ್ಸ್ ಲೇಪನದ ಕೈಗವಸು ಅಗ್ಗ, ಚಳಿಯಲ್ಲೂ ಬಾಗುತ್ತದೆ. ಸಾಮಾನ್ಯ ಪಿವಿಸಿ ಚಳಿಗೆ ಮರದಂತೆ ಬಿರುಸಾಗುತ್ತದೆ. ಆದರೆ ಲೇಟೆಕ್ಸ್ ಪೆಟ್ರೋಲು, ಎಣ್ಣೆಗಳನ್ನು ತಾಳದು. ಅಂಥ ಕಡೆ ನೈಟ್ರೈಲ್ ಎಂಬ ಕೃತಕ ರಬ್ಬರಿನ ಲೇಪನ ಬೇಕು. ಶೂನ್ಯಕ್ಕಿಂತ ಎಷ್ಟೋ ಕೆಳಗೆ ಹೋದರೂ ಪೆಟ್ರೋಲು ಹೆಪ್ಪುಗಟ್ಟದೆ ಅಷ್ಟೇ ತಣ್ಣಗೆ ಹರಿಯುತ್ತದೆ, ಚರ್ಮದ ಮೇಲೆ ಬಿದ್ದರೆ ಆವಿಯಾಗುತ್ತ ಇನ್ನಷ್ಟು ಶಾಖ ಎಳೆದುಕೊಳ್ಳುತ್ತದೆ ಎಂಬುದನ್ನು ಯಂತ್ರಗಳಿಗೆ ಇಂಧನ ತುಂಬುವವರು ನೆನಪಿನಲ್ಲಿಡಬೇಕು.

ಅಳತೆಯ ವಿಷಯದಲ್ಲಿ ಅಂದಾಜು ಬೇಡ. ಹೆಬ್ಬೆರಳನ್ನು ಬಿಟ್ಟು, ಬೆರಳುಗಳ ಬುಡದ ಗೆಣ್ಣುಗಳ ಸುತ್ತ ಟೇಪು ಸುತ್ತಿದಾಗ 8 ಇಂಚು ಬಂದರೆ ನಿಮ್ಮದು ಸುಮಾರಾಗಿ 8ನೇ ಸೈಜು. ಒಳಗೆ ತೆಳು ಉಣ್ಣೆಯದೊಂದನ್ನು ತೊಡುವ ಆಲೋಚನೆಯಿದ್ದರೆ ಒಂದು ಸೈಜು ದೊಡ್ಡದನ್ನೇ ಆರಿಸಬೇಕು, ಏಕೆಂದರೆ ಬಿಗಿಯಾದ ಕೈಗವಸು ರಕ್ತದ ಓಟವನ್ನೂ ತಡೆಯುತ್ತದೆ, ಬೆಚ್ಚಗಿಡುವ ಗಾಳಿಯ ಪದರವನ್ನೂ ಹಿಂಡಿಹಾಕುತ್ತದೆ. ಅಂಗಡಿಯಲ್ಲಿ ತೊಟ್ಟು ಮುಷ್ಟಿ ಬಿಗಿದು ನೋಡಿ: ಬೆರಳ ತುದಿ ಹೊಲಿಗೆಗೆ ಒತ್ತಬಾರದು. ಬಳಿಕ ಜೇಬಿನಿಂದ ಒಂದು ಬೀಗದ ಕೈ ತೆಗೆದು ನೆಲಕ್ಕೆ ಹಾಕಿ, ಎತ್ತಿಕೊಳ್ಳಿ. ಅಂಗಡಿಯವರು ಬೇಕಾದರೆ ನೋಡಿಕೊಳ್ಳಲಿ.

ಕೆಲವು ಕೈಗವಸುಗಳ ಮೇಲೆ ಹಿಮದ ಹರಳಿನ ಚಿತ್ರವೂ ಇಎನ್ 511 ಎಂಬ ಯುರೋಪಿನ ಗುರುತೂ ಇರುತ್ತವೆ. ಅದರ ಕೆಳಗಿನ ಮೂರು ಅಂಕಿಗಳಲ್ಲಿ ಮೊದಲನೆಯದು ಸುತ್ತಲಿನ ಚಳಿಯನ್ನು, ಎರಡನೆಯದು ತಣ್ಣನೆಯ ವಸ್ತುವನ್ನು ಹಿಡಿದಾಗಿನ ಚಳಿಯನ್ನು ತಡೆಯುವ ಶಕ್ತಿ. ಇವೆರಡೂ 0ರಿಂದ 4ರವರೆಗೆ ಇರುತ್ತವೆ. ಮೂರನೆಯದು 1 ಆಗಿದ್ದರೆ ಪರೀಕ್ಷೆಯಲ್ಲಿ ನೀರು ಒಳಗಿಳಿಯಲಿಲ್ಲ ಎಂದರ್ಥ. ಪೈಪು, ಸರಳು ಹೊರುವವರು ಎರಡನೆಯ ಅಂಕಿಯನ್ನೇ ಮುಖ್ಯವಾಗಿ ನೋಡಬೇಕು.

ಮೈನಸ್ 30 ದಾಟಿದರೆ ಬೆರಳುಗಳೆಲ್ಲ ಒಂದೇ ಗೂಡಿನಲ್ಲಿರುವ ಮಿಟನ್‌ಗೆ ಸಾಟಿಯಿಲ್ಲ. ಒಳಗೆ ತೆಳು ಕೈಗವಸು ತೊಟ್ಟು, ಮೇಲೆ ಮಿಟನ್ ಹಾಕಿಕೊಂಡರೆ ಸಣ್ಣ ಕೆಲಸ ಬಂದಾಗ ಮಿಟನ್ ಒಂದನ್ನೇ ಕಳಚಬಹುದು. ಬ್ಯಾಟರಿಯಿಂದ ಬಿಸಿಯಾಗುವ ಕೈಗವಸುಗಳನ್ನು ನಾನು ಶಿಫಾರಸು ಮಾಡಲಾರೆ. ಬ್ಯಾಟರಿಯೂ ಚಳಿಗೆ ಸೊರಗುತ್ತದೆ. ಇನ್ನು, ತಿರುಗುವ ಯಂತ್ರದ ಬಳಿ ಸಡಿಲ ಕೈಗವಸು ಅಪಾಯಕಾರಿ, ಮತ್ತು ಹಿಮ ತೂರುವ ಯಂತ್ರ ಕಟ್ಟಿಕೊಂಡಾಗ, ಎಂಜಿನ್ ನಿಲ್ಲಿಸಿದ್ದರೂ, ಎಂಥ ಕೈಗವಸು ತೊಟ್ಟಿದ್ದರೂ ಕೈ ಹಾಕದೆ ಕೋಲಿನಿಂದಲೇ ತೆಗೆಯಬೇಕು.

ಒಂದು ದುಬಾರಿ ಜೋಡಿಗಿಂತ ಸಾಧಾರಣ ಬೆಲೆಯ ಎರಡು ಜೋಡಿಗಳು ಲೇಸು: ಊಟದ ಬಿಡುವಿನಲ್ಲಿ ಒದ್ದೆಯಾದದ್ದನ್ನು ಒಣಹಾಕಿ ಇನ್ನೊಂದನ್ನು ತೊಡಬಹುದು. ಚರ್ಮದವನ್ನು ಹೀಟರಿನ ಮೇಲಿಟ್ಟರೆ ಬಿರಿಯುತ್ತವೆ. ಕೋಣೆಯ ಗಾಳಿಗೇ ಒಣಗಿಸಿ, ಚಳಿಗಾಲದ ಮೊದಲಲ್ಲಿ ಒಮ್ಮೆ ಹೊಲಿಗೆಗಳಿಗೆ ಜೇನುಮೇಣ ತಿಕ್ಕಬೇಕು. ಬಲಗೈಯದು ಯಾವಾಗಲೂ ಮೊದಲು ಸವೆಯುತ್ತದೆ. ನನ್ನ ಡಬ್ಬಿಯಲ್ಲಿ ಈಗ ಎಡಗೈಯವು ನಾಲ್ಕಿವೆ. ಎಸೆಯಲು ಮನಸ್ಸು ಬರುವುದಿಲ್ಲ.