ಎರಡು ಫ್ಲೆಮಿಂಗೊ, ಒಂದು ಲೋಟ ನೀರು

ನನ್ನ ಮೊದಲ ದೊಡ್ಡ ಬೆಳ್ಳಿ ನಾಣ್ಯ ಬಹಾಮಾಸ್ ದ್ವೀಪಗಳದ್ದು, 1966ರ ಎರಡು ಡಾಲರ್. ಅಗಲ 40 ಮಿಲಿಮೀಟರ್, ತೂಕ ಹತ್ತಿರ ಹತ್ತಿರ 30 ಗ್ರಾಂ. ಹಿಂಬದಿಯಲ್ಲಿ ಎರಡು ಫ್ಲೆಮಿಂಗೊ ಹಕ್ಕಿಗಳು. ಆಗಿನ್ನೂ ಅಲ್ಲಿ ಬ್ರಿಟಿಷರ ಆಡಳಿತ. ಪೌಂಡ್ ಬಿಟ್ಟು ಡಾಲರಿಗೆ ಬಂದದ್ದೇ ಆ ವರ್ಷ, ಸ್ವಾತಂತ್ರ್ಯ ಸಿಕ್ಕಿದ್ದು 1973ರಲ್ಲಿ.

ಆ ನಾಣ್ಯವನ್ನು ನಾನೇ ಕೆಡಿಸಿದೆ. ಅಂಚು ಕಪ್ಪಾಗಿದೆ ಅಂತ ಅಡುಗೆ ಸೋಡಾ ಹಾಕಿ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದೆ. ಹೊಳಪು ಬಂತು. ಆದರೆ ದೀಪದ ಕೆಳಗೆ ಸ್ವಲ್ಪ ಓರೆ ಮಾಡಿದಾಗ ಹಕ್ಕಿಗಳ ಸುತ್ತ ಕೂದಲೆಳೆಯಂಥ ಗೀರುಗಳು ಕಂಡವು. ಅವು ಹೋಗುವುದೇ ಇಲ್ಲ. ತುಂಬಾ ಸಂಕಟವಾಯಿತು.

ಈಗ ಕಪ್ಪನ್ನು ಮುಟ್ಟುವುದಿಲ್ಲ. ಗಾಳಿಯಲ್ಲಿರುವ ಗಂಧಕ ಬೆಳ್ಳಿಗೆ ತಗುಲಿ ಬರುವ ಬಣ್ಣ ಅದು, ಇದ್ದರೆ ಇರಲಿ. ಹಸಿರು ಅಂಟು ಕಂಡರೆ ಮಾತ್ರ ಸುಮ್ನೆ ಬಿಡಬಾರದು. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರಿನಿಂದ ಬರುವ ಅದು ನಾಣ್ಯವನ್ನು ತಿನ್ನುತ್ತದೆ. ಕಿಟಕಿ ತೆರೆದಿಟ್ಟು, ಗಾಜಿನ ಬಟ್ಟಲಿನಲ್ಲಿ ಶುದ್ಧ ಅಸಿಟೋನ್ ಹಾಕಿ ನೆನೆಸುತ್ತೇನೆ, ಆಮೇಲೆ ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದುತ್ತೇನೆ. ಉಜ್ಜುವುದಿಲ್ಲ, ತಾನಾಗಿ ಒಣಗಲು ಬಿಡುತ್ತೇನೆ. ಉಗುರುಬಣ್ಣ ತೆಗೆಯುವ ದ್ರವ ಬೇಡವೇ ಬೇಡ. ಪಲಾವ್ ದೇಶ 1992ರಿಂದ ಹೊರಡಿಸಿದ ಕಡಲಜೀವಿಗಳ ನಾಣ್ಯಗಳಂತೆ ಬಣ್ಣ ಹಚ್ಚಿದವಿದ್ದರೆ ಅಸಿಟೋನ್ ಹತ್ತಿರಕ್ಕೂ ತರಬೇಡಿ, ಚಿತ್ರವೇ ಎದ್ದು ಹೋದೀತು.

ಇನ್ನೊಂದು ತೊಡಕು ಲೋಹದ್ದು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಖಾಸಗಿ ಟಂಕಸಾಲೆ ಫ್ರಾಂಕ್ಲಿನ್ ಮಿಂಟ್ ಬಹಾಮಾಸ್, ಬಾರ್ಬಡೋಸ್‌ಗಳಿಗೆ ಒಂದೇ ಚಿತ್ರದ ದೊಡ್ಡ ನಾಣ್ಯಗಳನ್ನು ಬೆಳ್ಳಿಯಲ್ಲೂ ತಾಮ್ರ-ನಿಕಲ್‌ನಲ್ಲೂ ಅಚ್ಚು ಹಾಕಿತು. ಫೋಟೋದಲ್ಲಿ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಬಹಾಮಾಸ್‌ನ 1974ರ ಐದು ಡಾಲರ್ ಕೈಗೆ ಬಂದಾಗ ಮೊದಲು ತೂಗಿದೆ: 42.12 ಗ್ರಾಂ. ಆಮೇಲೆ ನೀರಿನ ಲೋಟವನ್ನು ತೂಕದ ಯಂತ್ರದ ಮೇಲಿಟ್ಟು ಸೊನ್ನೆಗೆ ತಂದೆ. ನಾಣ್ಯವನ್ನು ಸಣ್ಣ ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿದೆ. ಅಂಟಿದ ಗಾಳಿಗುಳ್ಳೆ ಹೋಗಲಿ ಅಂತ ದಾರವನ್ನು ಮೆಲ್ಲಗೆ ಅಲುಗಿಸಿದೆ. ಅಂಕಿ 4.07ಕ್ಕೆ ನಿಂತಿತು, ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ ಅದು. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ 10.35, ಅಂದರೆ ಅಷ್ಟೇ ಜಾಗದ ನೀರಿಗಿಂತ ಅಷ್ಟು ಪಟ್ಟು ಭಾರ. ತಾಮ್ರ-ನಿಕಲ್ ಆಗಿದ್ದರೆ 8.9ರ ಸುಮಾರು ಬರುತ್ತಿತ್ತು. ನೂರಕ್ಕೆ 92.5 ಪಾಲು ಬೆಳ್ಳಿ ಅಂತ ನಂಬಿಕೆ ಬಂತು.

ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ನಿಯುವೆಯ, ಎರಡು ಡಾಲರ್ ಮುಖಬೆಲೆಯ ಒಂದು ಔನ್ಸ್ ನಾಣ್ಯಗಳೂ ನನ್ನಲ್ಲಿವೆ. ಅಲ್ಲಿ ನಡೆಯುವುದು ನ್ಯೂಜಿಲೆಂಡ್ ಡಾಲರ್, ಈ ಎರಡು ಡಾಲರ್ ನಾಣ್ಯ ಕೊಟ್ಟು ಯಾರೂ ಬ್ರೆಡ್ ಕೊಳ್ಳುವುದಿಲ್ಲ. ಸಿನಿಮಾ ಪಾತ್ರಗಳ ನಾಣ್ಯಗಳು ಅಲ್ಲಿಂದ ಜಾಸ್ತಿ ಬರುತ್ತವೆ, ಅವನ್ನು ನಾನು ಕೊಳ್ಳುವುದಿಲ್ಲ. ಕಡಲಾಮೆಯದ್ದನ್ನು ಕೊಂಡೆ. ದ್ವೀಪದ ನಾಣ್ಯದಲ್ಲಿ ಆ ದ್ವೀಪದ ಕಡಲು ಇರಬೇಕು ಅಲ್ವಾ?

ಬಹಾಮಾಸ್‌ನ 1966ರ ಸಾಲಿನಲ್ಲಿ ಶಂಖದ ಚಿತ್ರವಿರುವ ಒಂದು ಡಾಲರ್ ಇನ್ನೂ ಸಿಕ್ಕಿಲ್ಲ. ಅದರಲ್ಲಿ ಬೆಳ್ಳಿ ನೂರಕ್ಕೆ 80 ಮಾತ್ರ. ಹಾಗಾಗಿ ನೀರಿನಲ್ಲಿ ಮುಳುಗಿಸಿದಾಗ ಲೆಕ್ಕ 10.1ರ ಆಸುಪಾಸಿನಲ್ಲಿ ಬರಬೇಕು.