ಮಾಳಿಗೆಯ ಮೇಲೆ ಸೌರಫಲಕ: ಬಿಲ್ಲು ಓದುವುದರಿಂದ ಫಲಕ ತೊಳೆಯುವವರೆಗೆ

ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರವಿದೆ. ಕಲ್ಲಿದ್ದಲ ಅವಲಂಬನೆಯನ್ನು ಕಡಿಮೆ ಮಾಡುವ ಕೆಲಸದಲ್ಲಿ ಬಿಸಿಲಿಗೆ ಕೊರತೆಯಿಲ್ಲದ ವಿಜಯಪುರ ನಗರದ ಮಾಳಿಗೆಗಳಿಗೂ ದೊಡ್ಡ ಪಾಲಿದೆ. ಆದರೆ ಫಲಕ ಕೊಳ್ಳುವ ಮುನ್ನವೇ ಬಳಕೆಯನ್ನು ತಗ್ಗಿಸಿಕೊಂಡರೆ ಚಿಕ್ಕ ಘಟಕ ಸಾಕಾಗುತ್ತದೆ, ಖರ್ಚೂ ಇಳಿಯುತ್ತದೆ.

ಮೊದಲು ಒಂದು ವರ್ಷದ ಹೆಸ್ಕಾಂ ಬಿಲ್ಲುಗಳನ್ನು ಮುಂದಿಟ್ಟುಕೊಂಡು ತಿಂಗಳವಾರು ಯೂನಿಟ್‌ಗಳನ್ನು ಬರೆದುಕೊಳ್ಳಿ. 75 ವಾಟಿನ ಹಳೆಯ ಫ್ಯಾನು ದಿನಕ್ಕೆ 15 ತಾಸು ತಿರುಗಿದರೆ ತಿಂಗಳಿಗೆ ಸುಮಾರು 34 ಯೂನಿಟ್ ಬೇಕು. ಕಡಿಮೆ ವಿದ್ಯುತ್ ಬಳಸುವ ಮೋಟಾರಿನ, 30 ವಾಟಿನ ಬಿಎಲ್‌ಡಿಸಿ ಫ್ಯಾನಿಗೆ 14 ಯೂನಿಟ್ ಸಾಕು. ಮೂರು ಫ್ಯಾನು ಬದಲಿಸಿದರೆ ಉಳಿಯುವ 60 ಯೂನಿಟ್, ಅರ್ಧ ಕಿಲೊವಾಟ್ ಫಲಕದ ಒಂದು ತಿಂಗಳ ಉತ್ಪಾದನೆಗೆ ಸಮ. ಬೇಸಿಗೆಗೆ ಮುಂಚೆ ಆರ್‌ಸಿಸಿ ಮಾಳಿಗೆಗೆ ಸುಣ್ಣ ಬಳಿದರೆ ಒಳಗಿನ ಕಾವೂ ಕಡಿಮೆಯಾಗುತ್ತದೆ.

ನಂತರ ಜಾಗ ನೋಡಿ. ಒಂದು ಕಿಲೊವಾಟ್‌ಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಬೇಕು. ಅದರಿಂದ ದಿನಕ್ಕೆ ಸರಾಸರಿ 4 ಯೂನಿಟ್ ಸಿಗುತ್ತದೆ. ಫಲಕಗಳ ಮುಖ ದಕ್ಷಿಣಕ್ಕಿರಲಿ. ನೀರಿನ ಟಾಕಿಯ ನೆರಳು ಮುಂಜಾನೆ, ಮಧ್ಯಾಹ್ನ, ಸಂಜೆ ಎಲ್ಲಿ ಬೀಳುತ್ತದೆ ಎಂಬುದನ್ನು ಖುದ್ದಾಗಿ ಗಮನಿಸಿ, ಏಕೆಂದರೆ ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು.

ಮಾಳಿಗೆ ಸೌರಫಲಕಕ್ಕೆ ಸಹಾಯಧನ ಕೊಡುವ ಕೇಂದ್ರದ ಯೋಜನೆ ಪಿಎಂ ಸೂರ್ಯಘರ್‌ನ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ನೋಂದಾಯಿತ ಮಾರಾಟಗಾರರಿಂದಲೇ ಫಲಕ ಕೂಡಿಸಿಕೊಳ್ಳಿ. ಮನೆಗೆ ಬರುವ, ಮನೆಯಿಂದ ಲೈನಿಗೆ ಹೋಗುವ ಎರಡೂ ದಿಕ್ಕಿನ ವಿದ್ಯುತ್ತನ್ನು ಅಳೆಯುವ ಮೀಟರ್ ಕೂತು, ತಪಾಸಣೆ ಮುಗಿದ ಮೇಲೆ ಕೇಂದ್ರದ ಸಹಾಯಧನ ಬ್ಯಾಂಕ್ ಖಾತೆಗೆ ಬರುತ್ತದೆ: 1 ಕಿಲೊವಾಟ್‌ಗೆ ₹30,000, 2ಕ್ಕೆ ₹60,000, 3 ಅಥವಾ ಹೆಚ್ಚಿನದಕ್ಕೆ ₹78,000. ಫಲಕಗಳು ದೇಶದಲ್ಲೇ ತಯಾರಾದವು ಎಂಬುದನ್ನು ಕೊಳ್ಳುವಾಗಲೇ ಖಚಿತಪಡಿಸಿಕೊಳ್ಳಿ. ಅದು ಸಹಾಯಧನದ ಷರತ್ತು.

ಧೂಳು ಕೂತ ಫಲಕವನ್ನು ಬಿಸಿಲೇರುವ ಮುನ್ನ ತೊಳೆಯಬೇಕು. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಅದು ಬಿರುಕು ಬಿಡಬಹುದು. ಬೋರ್‌ವೆಲ್‌ನ ಸವಳು ನೀರು ಆರಿದ ಮೇಲೆ ಬಿಳಿ ಕಲೆ ಉಳಿಸಿ ಬೆಳಕನ್ನು ತಡೆಯುವುದರಿಂದ ಸಿಹಿನೀರನ್ನೇ ಬಳಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿ.

ಬ್ಯಾಟರಿಯಿಲ್ಲದ ಘಟಕ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ಇದು ದೋಷವಲ್ಲ, ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯ ವಿದ್ಯುತ್ತು ತಗಲಬಾರದೆಂದೇ ಮಾಡಿರುವ ಏರ್ಪಾಡು.