ಮಗುವಿಗೆ ಭೇದಿ ಹತ್ತಿದರೆ ಮೊದಲು ಲೀಟರ್ ಅಳತೆ ಹುಡುಕಿ

ಮಗುವಿಗೆ ನೀರುನೀರಾಗಿ ಭೇದಿ ಶುರುವಾಯಿತೆಂದರೆ ಮನೆಯವರೆಲ್ಲ ಕೇಳುವುದು ಒಂದೇ ಮಾತು, ನಿಲ್ಲಿಸೋಕೆ ಯಾವ ಮಾತ್ರೆ ಅಂತ. ದೊಡ್ಡವರು ನುಂಗುವ ಭೇದಿ ಕಟ್ಟುವ ಮಾತ್ರೆಯನ್ನು ಅರ್ಧ ಮುರಿದು ಮಗುವಿಗೆ ಕೊಡಲೇಬೇಡಿ, ಕರುಳಿನ ಚಲನೆಯೇ ನಿಂತು ಹೊಟ್ಟೆ ಉಬ್ಬರಿಸಿಕೊಳ್ಳಬಹುದು. ಪುಟ್ಟ ಮಕ್ಕಳ ಭೇದಿ ಬಹುಪಾಲು ವೈರಸ್ಸಿನದು. ಅದಕ್ಕೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಕೆಲವು ದಿನ ಕಾಡಿ ತಾನೇ ಹೋಗುತ್ತದೆ. ಅಷ್ಟರೊಳಗೆ ಮೈಯಿಂದ ಹೋದ ನೀರು, ಉಪ್ಪು ತುಂಬಿಕೊಡುವುದಷ್ಟೇ ನಮ್ಮ ಕೆಲಸ.

ಅದಕ್ಕೇ ಓಆರ್‌ಎಸ್, ಅಂದರೆ ನೀರಿಗೆ ಕಲಸಿ ಕುಡಿಸುವ ಉಪ್ಪು, ಗ್ಲೂಕೋಸಿನ ಪುಡಿ. ಬರೀ ನೀರು ಕುಡಿಸಿದರೆ ಹೋದ ಉಪ್ಪು ವಾಪಸ್ ಬರುವುದಿಲ್ಲ. ಕರುಳಿನಲ್ಲಿ ಗ್ಲೂಕೋಸ್ ಒಳಗೆ ಹೋಗುವಾಗ ಉಪ್ಪಿನಲ್ಲಿರುವ ಸೋಡಿಯಂ ಅನ್ನೂ ಜೊತೆಗೆ ಕರೆದೊಯ್ಯುತ್ತದೆ, ಇವೆರಡರ ಹಿಂದೆ ನೀರು ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿ ಸಾಲದೆ ಹೋದಾಗ, ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಇದೇ ಬಗೆಯ ನೀರು ತುಂಬಿಸಿ ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಅಲ್ಲಿ ಆದದ್ದು ನಮ್ಮ ಅಡುಗೆಮನೆಯಲ್ಲೂ ಆಗುತ್ತದೆ, ಅಳತೆ ಸರಿಯಿದ್ದರೆ.

ಎಡವಟ್ಟಾಗುವುದೂ ಅಳತೆಯಲ್ಲೇ. ಅಂಗಡಿಯಲ್ಲಿ ಎರಡು ಸೈಜಿನ ಪೊಟ್ಟಣ ಸಿಗುತ್ತದೆ, ಲೀಟರಿನದು ಮತ್ತು 200 ಮಿಲಿಯದು. ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಮಗುವಿನ ರಕ್ತದಲ್ಲಿ ಉಪ್ಪು ಏರಿ ಫಿಟ್ಸ್ ಬರಬಹುದು. ಸಣ್ಣದನ್ನು ಲೀಟರಿಗೆ ಹಾಕಿದರೆ ಪ್ರಯೋಜನವಿಲ್ಲ. ಪೊಟ್ಟಣದ ಮೇಲಿನ ಅಳತೆ ಓದಿ, ಕುದಿಸಿ ಆರಿಸಿದ ನೀರಿಗೆ ಪೂರ್ತಿ ಪೊಟ್ಟಣ ಒಮ್ಮೆಗೇ ಸುರಿಯಿರಿ. ಅರ್ಧ ಎತ್ತಿಡುವುದು ಬೇಡ. ಸಕ್ಕರೆ, ಜ್ಯೂಸು ಏನೂ ಬೆರೆಸಬೇಡಿ, ಕಲಸಿದ ಮೇಲೆ ಬಿಸಿ ಮಾಡಬೇಡಿ, 24 ಗಂಟೆ ಆದರೆ ಚೆಲ್ಲಿ. ಡಬ್ಬಿಯಲ್ಲಿ ಬರುವ ಬಣ್ಣದ ಸಿಹಿ ಪಾನೀಯ ಬೇರೆ, ಓಆರ್‌ಎಸ್ ಬೇರೆ. ಸಕ್ಕರೆ ಜಾಸ್ತಿಯಾದರೆ ಅದು ಕರುಳಿಗೇ ನೀರೆಳೆದು ಭೇದಿ ಹೆಚ್ಚಿಸುತ್ತದೆ.

ರಾತ್ರಿ ಹೊತ್ತು ಪೊಟ್ಟಣ ಸಿಗಲಿಲ್ಲವೇ? ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗೋಪುರ ನಿಲ್ಲಬಾರದು, ಚಾಕುವಿನ ಬೆನ್ನಿನಿಂದ ಸವರಿ ಮಟ್ಟ ಮಾಡಿ. ಮೊದಲು ನೀವೇ ನಾಲಿಗೆಗೆ ಹಚ್ಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಇನ್ನೊಮ್ಮೆ ಮಾಡಿ. ಇದು ಬೆಳಗಿನವರೆಗಿನ ಏರ್ಪಾಡು ಮಾತ್ರ. ಭೇದಿಯಲ್ಲಿ ಹೋಗುವ ಇನ್ನೊಂದು ಲವಣ ಪೊಟಾಷಿಯಂ ಪೊಟ್ಟಣದಲ್ಲಿರುತ್ತದೆ, ಇದರಲ್ಲಿ ಇರುವುದಿಲ್ಲ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಗೂ 50ರಿಂದ 100 ಮಿಲಿ, ಹತ್ತು ವರ್ಷದವರೆಗೆ 100ರಿಂದ 200 ಮಿಲಿ ಕೊಡಿ. ಬಾಟಲಿಯಲ್ಲಿ ಬೇಡ, ಚಮಚದಲ್ಲಿ. ವಾಂತಿಯಾದರೆ ಹತ್ತು ನಿಮಿಷ ಸುಮ್ಮನಿದ್ದು, ಆಮೇಲೆ ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು ಮಾಡಿ. ಬಾಯಾರಿದ ಮಗು ಲೋಟ ಕಸಿದು ಗಟಗಟ ಕುಡಿದು ಕಕ್ಕುತ್ತದೆ, ಹಾಗಾಗಿ ಲೋಟ ನಿಮ್ಮ ಕೈಯಲ್ಲೇ ಇರಲಿ.

ಹೊಟ್ಟೆಗೆ ರೆಸ್ಟ್ ಕೊಡಬೇಕು ಅಂತ ಊಟ ನಿಲ್ಲಿಸುವ ಅಜ್ಜಿಯರು ಈಗಲೂ ಇದ್ದಾರೆ. ಎದೆಹಾಲು ನಿಲ್ಲಿಸಬೇಡಿ, ಇನ್ನೂ ಹೆಚ್ಚು ಸಲ ಕೊಡಿ. ದೊಡ್ಡ ಮಗುವಿಗೆ ಮೆತ್ತಗಿನ ಮೊಸರನ್ನ, ಗಂಜಿ, ಬೇಳೆಕಟ್ಟು, ಬಾಳೆಹಣ್ಣು ಸ್ವಲ್ಪ ಸ್ವಲ್ಪ. ಹಲ್ಲು ಬರುತ್ತಿದೆ, ಅದಕ್ಕೇ ಭೇದಿ ಎಂದು ಸುಮ್ಮನೆ ಕೂರುವುದು ಇನ್ನೊಂದು ತಪ್ಪು. ಆ ವಯಸ್ಸಿನಲ್ಲಿ ಮಗು ನೆಲದ ಮೇಲಿದ್ದದ್ದನ್ನೆಲ್ಲ ಬಾಯಿಗಿಡುತ್ತದೆ, ಅಷ್ಟೇ.

ಹೊಟ್ಟೆಯ ಚರ್ಮವನ್ನು, ಹೊಕ್ಕುಳಿಗೂ ಪಕ್ಕೆಗೂ ನಡುವೆ, ಎರಡು ಬೆರಳಲ್ಲಿ ಎತ್ತಿ ಬಿಡಿ. ತಟ್ಟನೆ ಮಟ್ಟವಾಗದೆ ಮಡಿಕೆ ನಿಧಾನಕ್ಕೆ ಇಳಿದರೆ ಮಗು ಬಹಳ ಒಣಗಿದೆ. ಕಣ್ಣು ಗುಳಿಬಿದ್ದಿದ್ದರೆ, ಕೂಸಿನ ನೆತ್ತಿ ಕುಳಿಯಾಗಿದ್ದರೆ, ಆರು ಗಂಟೆಯಿಂದ ಉಚ್ಚೆ ಹೊಯ್ಯದಿದ್ದರೆ, ಮಂಕಾಗಿ ಕುಡಿಯಲೊಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೊರಡಿ. ದಾರಿಯುದ್ದಕ್ಕೂ ಚಮಚದಲ್ಲಿ ಕುಡಿಸುತ್ತಲೇ ಇರಿ, ಆದರೆ ಎಚ್ಚರ ತಪ್ಪಿದ ಮಗುವಿನ ಬಾಯಿಗೆ ಏನೂ ಹಾಕಬೇಡಿ. ಎರಡು ತಿಂಗಳೊಳಗಿನ ಕೂಸಾದರೆ ಈ ಪರೀಕ್ಷೆಗಳೇ ಬೇಡ, ನೇರ ಡಾಕ್ಟರ ಹತ್ತಿರ.

ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆಗೆ ಕೊಡುವ ಜಿಂಕ್ ಮಾತ್ರೆಯನ್ನು ಅರ್ಧದಲ್ಲಿ ಬಿಡುವವರೇ ಜಾಸ್ತಿ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳ ಕೂಸಿಗೆ 10. ಚಮಚದಲ್ಲಿ ಸ್ವಲ್ಪ ಎದೆಹಾಲು ಅಥವಾ ನೀರು ಹಾಕಿ ಕರಗಿಸಿ ಕೊಡಿ. ಭೇದಿ ಮೂರನೇ ದಿನಕ್ಕೇ ನಿಂತರೂ 14 ದಿನ ಪೂರೈಸಿ. ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸುವುದು ಅದರಿಂದ ಕಡಿಮೆಯಾಗುತ್ತದೆ.